ಬೆಳಕನ್ನು ಅಳೆದು ರೂಪಿಸುವ ವಿದ್ಯೆ
(ಶತಮಾನೋತ್ಸವದ ಸಂದರ್ಭದಲ್ಲಿ ನೀಡಿದ ಉಪನ್ಯಾಸ)



ನೂರು ವರ್ಷ ತುಂಬಿದ ಕನ್ನಡ ಶಾಲೆಯ ಅಂಗಳದಲ್ಲಿ ನಾವು ಲೇಸರ್ ಕಿರಣದ ವಿಚಾರವನ್ನು ಎತ್ತಿಕೊಂಡಿರುವುದಕ್ಕೆ ಕಾರಣವುಂಟು. ಗೋರಂಟ್ಲ, ಹಿಂದೂಪುರಗಳ ಈ ಗಡಿಸೀಮೆಯಲ್ಲಿ ಮಗುವನ್ನು ಕನ್ನಡ ಶಾಲೆಗೆ ಸೇರಿಸುವ ತಂದೆತಾಯಿಯರ ಮನಸ್ಸಿನಲ್ಲಿ ಒಂದು ಅಳುಕು ಇದ್ದೇ ಇರುತ್ತದೆ: ಈ ಭಾಷೆಯಲ್ಲಿ ಕಲಿತ ಮಗುವಿಗೆ ಹೊಸ ವಿಜ್ಞಾನ ದಕ್ಕೀತೇ? ಆ ಅಳುಕಿಗೆ ಅಭಿಮಾನದ ಮಾತು ಉತ್ತರವಾಗದು. ಹೊಸ ವಿಜ್ಞಾನದ ಒಂದು ವಿಷಯವನ್ನೇ ಕನ್ನಡದಲ್ಲಿ ಬಿಡಿಸಿ ನೋಡೋಣ.

1960ರಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದರು. ಲೇಸರ್ ಕಿರಣವು ಸಾಮಾನ್ಯವಾಗಿ ನಡುವೆ ಉಜ್ವಲವಾಗಿಯೂ ಅಂಚಿನತ್ತ ಮಂಕಾಗಿಯೂ ಇರುತ್ತದೆ. ಆದರೆ ಕೆಲಸಕ್ಕೆ ತಕ್ಕ ರೂಪ ಬೇಕು. ಲೋಹದ ಮೇಲ್ಮೈಯನ್ನು ಸಮನಾಗಿ ಕಾಯಿಸಲು ಎಲ್ಲೆಡೆ ಒಂದೇ ಪ್ರಖರತೆಯ ಕಿರಣ ಬೇಕು. ಸೂಕ್ಷ್ಮ ಕಣವೊಂದನ್ನು ಹಿಡಿದು ತಿರುಗಿಸಲು ನಡುವೆ ಕತ್ತಲಿದ್ದು ಬಳೆಯಂತೆ ಬೆಳಗುವ ಕಿರಣ ಒದಗುತ್ತದೆ.

ರೂಪಿಸುವ ಮೊದಲು ಅಳೆಯಬೇಕು, ತೊಡಕಿರುವುದು ಅಲ್ಲಿಯೇ. ಬೆಳಕು ಒಂದು ಅಲೆ. ಅಲೆಗೆ ಎತ್ತರವಿರುವಂತೆಯೇ, ಈ ಗಳಿಗೆಯಲ್ಲಿ ಅದು ಏರಿದೆಯೋ ಇಳಿದಿದೆಯೋ ಎಂಬ ಸ್ಥಿತಿಯೂ ಇದೆ. ಇದನ್ನು ಪ್ರಾವಸ್ಥೆ ಎನ್ನುತ್ತೇವೆ. ಕಣ್ಣಾಗಲಿ ಕ್ಯಾಮೆರಾ ಆಗಲಿ ಪ್ರಖರತೆಯನ್ನು ಕಾಣಬಲ್ಲವೇ ಹೊರತು ಪ್ರಾವಸ್ಥೆಯನ್ನಲ್ಲ. ನಮ್ಮ ಲೇಪಾಕ್ಷಿಯ ತೂಗುಕಂಬದ ಅಡಿಯ ಸಂದು ದೂರದಿಂದ ನೋಡುವವರಿಗೆ ಕಾಣದು. ಬಟ್ಟೆಯೊಂದನ್ನು ಅಡಿಯಲ್ಲಿ ಹಾಯಿಸಿದಾಗ ತಿಳಿಯುತ್ತದೆ. ಹಾಗೆಯೇ ಒಂದು ಬೆಳಕಿನ ಪ್ರಾವಸ್ಥೆಯನ್ನು ಅರಿಯಲು ಅದರೊಡನೆ ಇನ್ನೊಂದು ಬೆಳಕನ್ನು ಕೂಡಿಸಬೇಕು. ಏರಿಗೆ ಏರು ಕೂಡಿದಲ್ಲಿ ಬೆಳಕು, ಏರಿಗೆ ಇಳಿವು ಕೂಡಿದಲ್ಲಿ ಕತ್ತಲೆ. ಇದೇ ವ್ಯತಿಕರಣ. ಹೀಗೆ ಮೂಡುವ ಪಟ್ಟಿಗಳನ್ನು ಫಲಕದ ಮೇಲೆ ದಾಖಲಿಸಿದರೆ ಅದು ಹಾಲೊಗ್ರಾಂ. 1948ರಲ್ಲಿ ಈ ತತ್ತ್ವವನ್ನು ಪ್ರಕಟಿಸಿದ ಡೆನ್ನಿಸ್ ಗಾಬೊರ್ ಅವರಿಗೆ 1971ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಆ ಪಟ್ಟಿಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಿಯೇ ಬರೆಯಬಹುದೆಂದು 1966ರಲ್ಲಿ ಬ್ರೌನ್ ಮತ್ತು ಲೋಮನ್ ತೋರಿಸಿದರು. ಇಂದು ಅವನ್ನು ದ್ರವ ಸ್ಫಟಿಕದ ಪುಟ್ಟ ಪರದೆಯ ಮೇಲೆ ಮೂಡಿಸುತ್ತಾರೆ. ಅಂಥ ಪರದೆಯೊಂದರಲ್ಲಿ 1080 ಸಾಲು, ಸಾಲಿಗೆ 1920ರಂತೆ 20 ಲಕ್ಷಕ್ಕೂ ಮಿಕ್ಕಿದ ಕೋಶಗಳಿರುತ್ತವೆ. ಪ್ರತಿಯೊಂದು ಕೋಶವೂ ತನ್ನ ಪಾಲಿನ ಬೆಳಕನ್ನು ಹೇಳಿದಷ್ಟು ತಡಮಾಡಿ ಕಳುಹಿಸುತ್ತದೆ. ಧರ್ಮಾವರದ ಜಕಾರ್ಡ್ ಮಗ್ಗದಲ್ಲಿ ಯಾವ ಎಳೆ ಏಳಬೇಕೆಂದು ತೂತುಬಿದ್ದ ರಟ್ಟುಗಳು ಹೇಳುವಂತೆ, ಇಲ್ಲಿ ಹಾಲೊಗ್ರಾಂ ಹೇಳುತ್ತದೆ. ರಟ್ಟು ಬದಲಾದರೆ ಸೀರೆಯ ಅಂಚು ಬದಲಾಗುತ್ತದೆ. ಹಾಲೊಗ್ರಾಂ ಬದಲಾದರೆ ಕಿರಣದ ರೂಪ ಬದಲಾಗುತ್ತದೆ.

ಅದೇ ಪರದೆ ಅಳತೆಗೂ ಒದಗುತ್ತದೆ. ಯಾವ ಕಿರಣವನ್ನೇ ಆಗಲಿ ಕೆಲವು ಮೂಲರೂಪಗಳ ಮಿಶ್ರಣವೆಂದು ಎಣಿಸಬಹುದು. ಒಂದೊಂದು ಮೂಲರೂಪಕ್ಕೂ ತಕ್ಕ ಹಾಲೊಗ್ರಾಂ ಮೂಡಿಸಿ, ಕಿರಣವನ್ನು ಅದರ ಮೂಲಕ ಹಾಯಿಸಿ, ಮಸೂರದ ಸಂಗಮಬಿಂದುವಿನಲ್ಲಿ ಬೀಳುವ ಬೆಳಕನ್ನು ಅಳೆದರೆ ಆ ರೂಪದ ಪಾಲೆಷ್ಟೆಂದು ತಿಳಿಯುತ್ತದೆ. ಎರಡು ರೂಪಗಳನ್ನು ಬೆರೆಸಿದ ಹಾಲೊಗ್ರಾಂಗಳಿಂದ ಅವುಗಳ ನಡುವಣ ಪ್ರಾವಸ್ಥೆಯ ಅಂತರವೂ ದೊರೆಯುತ್ತದೆ.

ಇಷ್ಟೆಲ್ಲ ದೂರದೇಶದ ಮಾತೆಂದು ತಿಳಿಯಬೇಕಾಗಿಲ್ಲ. ಪ್ರಾವಸ್ಥೆ ಮತ್ತು ದ್ರವ ಸ್ಫಟಿಕ, ಇವೆರಡರ ಅರಿವನ್ನೂ ಹಿಗ್ಗಿಸಿದ ಇಬ್ಬರು ಸಹೋದರರು ನೆರೆಯ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. ಧ್ರುವೀಕೃತ ಬೆಳಕು ಸ್ಥಿತಿಗಳ ಒಂದು ಸುತ್ತು ಮುಗಿಸಿ ಮೊದಲಿದ್ದಲ್ಲಿಗೆ ಮರಳಿದಾಗ ಅದರ ಪ್ರಾವಸ್ಥೆ ಬದಲಾಗಿರುತ್ತದೆ ಎಂಬುದನ್ನು ಎಸ್. ಪಂಚರತ್ನಂ 1956ರಲ್ಲಿ ಪ್ರಕಟಿಸಿದಾಗ ಅವರಿಗೆ ಸುಮಾರು 22 ವರ್ಷ. ಇಂದು ಕಿರಣಗಳನ್ನು ರೂಪಿಸುವ ತೆಳುಫಲಕಗಳಲ್ಲಿ ಅವರ ಹೆಸರಿನ ಪ್ರಾವಸ್ಥೆ ಬಳಕೆಯಲ್ಲಿದೆ. ತಟ್ಟೆಯಾಕಾರದ ಅಣುಗಳೂ ದ್ರವ ಸ್ಫಟಿಕವಾಗಬಲ್ಲವೆಂದು ಅಣ್ಣ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು 1977ರಲ್ಲಿ ತೋರಿಸಿದರು.

ಮುಂದೆ ನಮ್ಮ ಮಕ್ಕಳು ಈ ಪದಗಳನ್ನು ಇಂಗ್ಲಿಷಿನಲ್ಲಿಯೂ ಕಲಿಯಲೇಬೇಕು. ಆದರೆ ತಿಳಿವು ಮೊದಲು ಬೇರೂರಬೇಕಾದದ್ದು ಮನೆಮಾತಿನಲ್ಲಿ, ಕೈಯಾರೆ ಮಾಡಿದ ಪ್ರಯೋಗದಲ್ಲಿ. ಒಂದು ಲೇಸರ್ ಪಾಯಿಂಟರ್, ಒಂದು ತಲೆಗೂದಲು, 2 ಮೀಟರ್ ದೂರದಲ್ಲೊಂದು ಬಿಳಿಗೋಡೆ ಸಾಕು. ಕಿರಣದಲ್ಲಿ ಕೂದಲನ್ನು ಹಿಡಿದರೆ ಗೋಡೆಯ ಮೇಲೆ ಬೆಳಕು ಕತ್ತಲೆಗಳ ಸಾಲು ಮೂಡುತ್ತದೆ. ಕೆಂಪು ಬೆಳಕಿಗೆ ಪಟ್ಟಿಗಳ ನಡುವೆ ಸುಮಾರು 2 ಸೆಂಟಿಮೀಟರ್ ಅಂತರವಿದ್ದರೆ ಕೂದಲಿನ ದಪ್ಪ ಮಿಲಿಮೀಟರಿನ 100ರಲ್ಲಿ ಸುಮಾರು 6 ಅಥವಾ 7 ಪಾಲು. ಕಿರಣ ಯಾರ ಕಣ್ಣಿಗೂ ಬೀಳದಂತೆ ಗುರುಗಳು ಜೊತೆಗಿರಬೇಕು, ಅಷ್ಟೆ.

ಶಾಲೆಯ ಎರಡನೆಯ ಶತಮಾನದ ಮೊದಲ ವರ್ಷದಲ್ಲಿ ಬೆಳಕಿನ ಪ್ರಯೋಗಗಳಿಗಾಗಿ ಒಂದು ಕೋಣೆಯನ್ನೂ ಒಂದು ಗಟ್ಟಿ ಮೇಜನ್ನೂ ಹಿರಿಯ ವಿದ್ಯಾರ್ಥಿಗಳು ಒದಗಿಸಿಕೊಡಲೆಂದು ನಾವು ವಿನಂತಿಸುತ್ತೇವೆ. ಪೋಷಕರ ಅಳುಕಿಗೆ ಉತ್ತರ ಅಲ್ಲಿಂದ ದೊರೆಯಲಿ.