ಚಳಿಗಾಲದ ಹಲಗೆ, ಬೇಸಗೆಯ ನೀರು

ದೀಪಾವಳಿ ಮುಗಿದು, ಅಂಗಳ ಸಾರಿಸಿ ಅಡಕೆ ಹರಡುವ ಕಾಲ ಬಂತೆಂದರೆ ನಮ್ಮ ಕಡೆ ಚಳಿಗಾಲ ಬಂತೆಂದು ಅರ್ಥ. ಚಳಿಯೆಂದರೂ ಮಹಾ ಚಳಿಯೇನಲ್ಲ. ಬೆಳಗಿನ ಜಾವ ಒಂದು ಹೊದಿಕೆ ಹೆಚ್ಚು ಬೇಕೆನಿಸುವುದು, ಹತ್ತು ಗಂಟೆಗೆ ಮತ್ತೆ ಬೆವರುವುದು, ಇಷ್ಟೇ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಊರುಗಳಿಗೆ ಇದು ಬಿಡುವಿಲ್ಲದ ಕಾಲ. ಕಾರ್ತಿಕದ ಕೊನೆಗೆ ಧರ್ಮಸ್ಥಳದ ಲಕ್ಷದೀಪೋತ್ಸವ. ಮೂಡುಬಿದಿರೆಯಲ್ಲಿ ಕೋಟಿ-ಚೆನ್ನಯ ಕಂಬಳ. ಊರೂರಲ್ಲಿ ಕೋಲ, ನೇಮ, ಆಟ. ಪುರಸಭೆಯವರಿಗೂ ಪಂಚಾಯತಿನವರಿಗೂ ಬೀದಿದೀಪ, ಕಸ, ವಾಹನಗಳ ನಿಲುಗಡೆ ಇವುಗಳದೇ ಚಿಂತೆ. ಈ ಗಡಿಬಿಡಿಯಲ್ಲಿ ಒಂದು ಸಣ್ಣ ಸುದ್ದಿ ಯಾರ ಕಿವಿಗೂ ಬೀಳದೆ ಹೋಗುವುದುಂಟು. ತೋಡಿನ ಕಿಂಡಿ ಅಣೆಕಟ್ಟಿಗೆ ಹಲಗೆ ಇಟ್ಟಾಯಿತೋ ಇಲ್ಲವೋ ಎಂಬುದೇ ಆ ಸುದ್ದಿ. ಇವತ್ತು ನಾನು ಹೇಳಬೇಕೆಂದಿರುವುದು ಅದನ್ನೇ.

ಹಲಗೆಯ ವಿಚಾರ ಹಳ್ಳಿಯವರದು, ಪೇಟೆಯಲ್ಲಿರುವ ನಮಗೇನು ಎಂದು ನೀವು ಕೇಳಬಹುದು. ನಿಮ್ಮ ಮನೆಯ ನಲ್ಲಿಯನ್ನು ಒಮ್ಮೆ ನೋಡಿರಿ. ಬಂಟ್ವಾಳದ ನಲ್ಲಿಗೆ ನೀರು ನೇತ್ರಾವತಿಯದು. ಬೆಳ್ತಂಗಡಿ ಪೇಟೆಗೆ ಸೋಮಾವತಿ. ಮೂಡುಬಿದಿರೆಗೆ ಪುಚ್ಚೆಮೊಗರಿನಲ್ಲಿ ಫಲ್ಗುಣಿ. ಬಂಟ್ವಾಳ ತಾಲೂಕಿನ ತುಂಬೆಯಲ್ಲಿ ಅಣೆಕಟ್ಟು ಕಟ್ಟಿ ನಿಲ್ಲಿಸಿದ ನೀರನ್ನೇ ಮಂಗಳೂರು ನಗರವೂ ಕುಡಿಯುತ್ತದೆ. ಈ ಹೊಳೆಗಳಿಗೆ ಬೇಸಗೆಯಲ್ಲಿ ನೀರು ಬರುವುದು ಆಕಾಶದಿಂದಲ್ಲ. ಮೇಲಿನ ಗುಡ್ಡಗಳ ಒರತೆಯಿಂದ, ನೂರಾರು ಸಣ್ಣ ತೋಡುಗಳಿಂದ. ತೋಡು ಬತ್ತಿದರೆ ಹೊಳೆ ಬತ್ತುತ್ತದೆ, ಹೊಳೆ ಬತ್ತಿದರೆ ನಲ್ಲಿ ಬತ್ತುತ್ತದೆ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ. ಇಷ್ಟಿದ್ದೂ ನೀರಿಲ್ಲವೆಂದರೆ ಹೊರಗಿನವರು ನಗುತ್ತಾರೆ. ಆದರೆ ಆ ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಬಿದ್ದುಹೋಗುತ್ತದೆ. ನೆಲ ಇಳಿಜಾರು, ಕಡಲು ಹತ್ತಿರ. 1923ರ ಮತ್ತು 1974ರ ನೆರೆಯನ್ನು ಕಂಡ ಊರು ಬಂಟ್ವಾಳ. ಈಚೆಗೆ 2019ರ ಕಥೆ ಇನ್ನೂ ವಿಚಿತ್ರ. ಆ ವರ್ಷ ಮೇ ತಿಂಗಳಲ್ಲಿ ಮಂಗಳೂರಿನವರಿಗೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ ಕಡೆಯಲ್ಲಿ ನೆರೆ ಬಂದು ಮನೆ, ತೋಟ, ಸೇತುವೆಗಳು ಹಾಳಾದವು. ಮೂರೇ ತಿಂಗಳ ಅಂತರದಲ್ಲಿ, ಒಂದೇ ನದಿಯ ಸೀಮೆಯಲ್ಲಿ!

ನಮ್ಮ ಹಿರಿಯರಿಗೆ ಈ ನೆಲದ ಸ್ವಭಾವ ತಿಳಿದಿತ್ತು. ಅವರ ಮೂರು ಬೆಳೆಗಳ ಲೆಕ್ಕವನ್ನು ನೋಡಿರಿ. ಏಣೇಲು ಬೆಳೆಗೆ ಮಳೆಯ ನೀರು. ಸುಗ್ಗಿಗೆ ತೋಡಿನಲ್ಲಿ ಹರಿಯುವ ನೀರು. ಮೂರನೆಯ ಕೊಳಕೆಗೆ ಕಟ್ಟದ ನೀರು. ಮಳೆ ನಿಂತು ತೋಡು ತಿಳಿಯಾದ ಮೇಲೆ ಊರವರೆಲ್ಲ ಒಂದು ದಿನ ಗೊತ್ತುಮಾಡಿ ಕಲ್ಲು, ಮಣ್ಣು, ಮರದ ಗೂಟ, ಸೊಪ್ಪುಗಳಿಂದ ಕಟ್ಟ ಕಟ್ಟುತ್ತಿದ್ದರು. ಗದ್ದೆಯವನು ಬರುತ್ತಿದ್ದ, ತೋಟದವನೂ ಬರುತ್ತಿದ್ದ. ಕಟ್ಟದ ಮೇಲ್ಗಡೆಯ ಬಾವಿಗಳಲ್ಲೆಲ್ಲ ನೀರು ಏರುತ್ತಿತ್ತು. ಮನೆಮನೆಗೆ ಪಂಪು ಬಂದಿತು, ಆಮೇಲೆ ಕೊಳವೆ ಬಾವಿ ಬಂದಿತು. ತನ್ನ ನೀರು ತನಗುಂಟು ಎಂದಾದ ಮೇಲೆ ಕಟ್ಟಕ್ಕೆ ಬರುವವರು ಕಡಿಮೆಯಾದರು. ಗದ್ದೆಗಳೂ ತೋಟಗಳಾದವು.

ಕಿಂಡಿ ಅಣೆಕಟ್ಟು ಈ ಕಟ್ಟದ ತಮ್ಮನೇ. ಕಂಬಗಳ ನಡುವೆ ಕಿಂಡಿ, ಕಂಬಗಳಲ್ಲಿ ಗಾಡಿ. ಆ ಗಾಡಿಗಳಲ್ಲಿ ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿದರೆ ನೀರು ನಿಂತಿತು. ಮಳೆಗಾಲಕ್ಕೆ ಮುಂಚೆ ಹಲಗೆ ತೆಗೆಯಲೇಬೇಕು; ಇಲ್ಲವಾದರೆ ತೇಲಿಬಂದ ಮರಮಟ್ಟು ಸಿಕ್ಕಿಕೊಂಡು, ನೀರು ಬದಿಯ ದಂಡೆಯನ್ನು ಕೊರೆದುಕೊಂಡು ಹೋಗುತ್ತದೆ. ಹಾಕುವುದಕ್ಕೂ ಹದವುಂಟು. ಬೇಗ ಹಾಕಿದರೆ ಹಿಂಗಾರಿನ ಒಂದು ದೊಡ್ಡ ಮಳೆ ಹಲಗೆಗಳನ್ನೇ ಒಯ್ಯಬಹುದು. ತಡಮಾಡಿದರೆ ನಿಲ್ಲಿಸಲು ನೀರೇ ಉಳಿದಿರುವುದಿಲ್ಲ. ನವೆಂಬರದ ಕೊನೆ, ಡಿಸೆಂಬರದ ಮೊದಲು, ಇದೇ ಆ ಹದ. ಉತ್ಸವಗಳ ಭರಾಟೆಯೂ ಸರಿಯಾಗಿ ಆಗಲೇ.

ಅಣೆಕಟ್ಟು ಕಟ್ಟಲು ಸರಕಾರದ ಹಣ ಬರುತ್ತದೆ; ಕಲ್ಲಿನ ಮೇಲೆ ಹೆಸರು ಬರೆಯಿಸಿಯೂ ಆಗುತ್ತದೆ. ಹಲಗೆ ಹಾಕುವ ಎರಡು ದಿನದ ಕೂಲಿಗೆ, ಗೆದ್ದಲು ತಿಂದ ನಾಲ್ಕು ಹಲಗೆ ಬದಲಿಸಲಿಕ್ಕೆ ಮಾತ್ರ ಯಾರೂ ಇರುವುದಿಲ್ಲ. ಇಲಾಖೆಯವರು ಪಂಚಾಯತಿನತ್ತ ನೋಡುವುದು, ಪಂಚಾಯತಿನವರು ಫಲಾನುಭವಿಗಳತ್ತ ನೋಡುವುದು, ಫಲಾನುಭವಿಗಳು ಆಕಾಶ ನೋಡುವುದು! ಹೀಗೆ ನೋಡುತ್ತಿರುವಾಗಲೇ ತೋಡು ಹರಿದು ಮುಗಿಯುತ್ತದೆ.

ಇನ್ನೊಂದು ಮಾತನ್ನೂ ಮರೆಮಾಚಬಾರದು. ನಿಲ್ಲಿಸಿದ ನೀರಿಗೆ ಹತ್ತು ಪಂಪು ಹಚ್ಚಿ ಹಗಲೂ ರಾತ್ರಿ ಎಳೆದರೆ ಕೆಳಗಿನವರಿಗೆ ಉಳಿಯುವುದು ಬರಿಯ ಮರಳು. ಹಲಗೆ ಹಾಕುವ ದಿನವೇ ಯಾರು ಎಷ್ಟು ಎತ್ತಬೇಕೆಂಬ ಮಾತೂ ಆಗಿಬಿಡಬೇಕು. ಹಿಂದೆ ಕಟ್ಟದ ಬಳಿ ಕುಳಿತು ತೀರ್ಮಾನಿಸುತ್ತಿದ್ದರು. ಈಗ ಅದಕ್ಕೆ ಗ್ರಾಮಸಭೆಯುಂಟು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂದು ಕಾಯಿದೆಯೇ ಹೇಳುತ್ತದೆ. ಅಲ್ಲಿ ರಸ್ತೆಯ ಮಾತು, ದೀಪದ ಮಾತು ಆದ ಮೇಲೆ ಹಲಗೆಯ ಮಾತನ್ನೂ ಒಬ್ಬರು ಎತ್ತಬೇಕು.

ಪೇಟೆಯವರು ಮಾಡಬೇಕಾದುದೂ ಇದೆ. ನಿಮ್ಮ ವಾರ್ಡಿನ ಸದಸ್ಯರು ಸಿಕ್ಕಿದಾಗ, ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಬರುತ್ತದೆ ಎಂದಷ್ಟೇ ಕೇಳಬೇಡಿರಿ. ನಮ್ಮ ಹೊಳೆಗೆ ಹಲಗೆ ಬಿತ್ತೆ, ಮೇಲಿನ ಪಂಚಾಯತಿನವರೊಡನೆ ನೀವು ಮಾತಾಡಿದಿರಾ ಎಂದೂ ಕೇಳಿರಿ. ಮುಂಗಡಪತ್ರದಲ್ಲಿ ಟ್ಯಾಂಕರಿಗೆ ತೆಗೆದಿಡುವ ಹಣದ ಒಂದು ಪಾಲು ಹಲಗೆಗೆ ಹೋಗಲಾರದೆ ಎಂದು ಕೇಳಿರಿ. ಟ್ಯಾಂಕರು ತರುವುದು ಒಂದು ದಿನದ ನೀರು. ಹಲಗೆ ನಿಲ್ಲಿಸುವುದು ಒಂದು ಬೇಸಗೆಯ ನೀರು.

ಕೋಲವೋ ಕಂಬಳವೋ ನೋಡಿ ಮರಳುವ ದಾರಿಯಲ್ಲಿ ಒಂದು ತೋಡು ಸಿಕ್ಕೇ ಸಿಗುತ್ತದೆ. ಸೇತುವೆಯ ಮೇಲೆ ಒಂದು ನಿಮಿಷ ನಿಂತು ಕೆಳಗೆ ನೋಡಿರಿ. ನೀರು ನಿಂತಿದ್ದರೆ ಸಂತೋಷ. ಹರಿದುಹೋಗುತ್ತಿದ್ದರೆ, ಮನೆಗೆ ಬಂದ ಕೂಡಲೇ ಸಂಬಂಧಪಟ್ಟವರಿಗೆ ತಿಳಿಸಿರಿ. ಮಾರ್ಚಿನಲ್ಲಿ ತಿಳಿಸಿದರೆ ಪ್ರಯೋಜನವಿಲ್ಲ.