ಗುಳಿಗೆ ಮುಗಿಯುವ ದಿನ

(ಸಂಘದ ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನ ಔಷಧ ಅಂಗಡಿಯವರೊಬ್ಬರು ಆಡಿದ ಮಾತುಗಳ ಬರಹರೂಪ)

ಹೈದರಾಬಾದಿನ ಕನ್ನಡ ಬಂಧುಗಳೇ,

ನಿಮ್ಮ ನಿಧಿಯಿಂದ ಡಯಾಲಿಸಿಸ್‌ಗೆ, ಹೃದಯದ ಆಪರೇಷನ್‌ಗೆ ನೆರವು ಪಡೆದ ನಮ್ಮ ಭಾಗದ ಕೆಲವರನ್ನು ಬಲ್ಲೆ. ಅವರ ಪರವಾಗಿ ಮೊದಲು ವಂದನೆ. ನಾನು ಕೇಳಲು ಬಂದಿರುವುದು ಅಷ್ಟು ದೊಡ್ಡ ಮೊತ್ತವಲ್ಲ. ಬಿ.ಪಿ., ಸಕ್ಕರೆ ಕಾಯಿಲೆಯವರ ದಿನನಿತ್ಯದ ಗುಳಿಗೆಯ ದುಡ್ಡು, ಅಷ್ಟೆ.

ಹಳ್ಳಿಯವರು ತಿಳಿವಳಿಕೆಯಿಲ್ಲದೆ ಗುಳಿಗೆ ಬಿಡುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಶ್ರೀಮಂತ ದೇಶಗಳಲ್ಲೂ ದೀರ್ಘ ಕಾಯಿಲೆಯವರಲ್ಲಿ ಸರಾಸರಿ ಅರ್ಧದಷ್ಟು ಜನ ಮಾತ್ರ ಔಷಧವನ್ನು ಸರಿಯಾಗಿ ತೆಗೆದುಕೊಳ್ಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2003ರ ವರದಿಯಲ್ಲಿ ಹೇಳಿದೆ. ಬಿ.ಪಿ. ಹೆಚ್ಚಾದರೆ ಸಾಮಾನ್ಯವಾಗಿ ನೋವಿಲ್ಲ, ಗುಳಿಗೆ ನುಂಗಿದರೆ ಹಿತವೂ ಅನಿಸುವುದಿಲ್ಲ. "ಆರಾಮ್ ಇದ್ದೀನ್ರಿ, ಈಗ್ಯಾಕ ಗುಳಗಿ?" ಎಂದು ಕೇಳಿದರೆ ತಪ್ಪೇನು? ಆ ಆರಾಮ ಗುಳಿಗೆಯದ್ದೇ ಎಂದು ಯಾರಾದರೂ ಕೂತು ಹೇಳಬೇಕು. ಎರಡು ನಿಮಿಷದಲ್ಲಿ ಒಬ್ಬ ರೋಗಿಯನ್ನು ನೋಡಬೇಕಾದ ಡಾಕ್ಟರರಿಗೆ ಅದಕ್ಕೆ ಪುರುಸೊತ್ತಿಲ್ಲ.

ಕಾರಣಗಳು ಬಹಳ ಸಣ್ಣವು. ಕಳೆದ ತಿಂಗಳು ಹಸಿರು ಪಟ್ಟಿ, ಈ ತಿಂಗಳು ಬೇರೆ ಕಂಪನಿಯ ಕೆಂಪು ಪಟ್ಟಿ. ಒಳಗಿರುವುದು ಅದೇ ಅಮ್ಲೋಡಿಪಿನ್ 5 ಮಿಲಿಗ್ರಾಂ. ಅಜ್ಜಿ ಒಬ್ಬರು ಹೊಸದನ್ನು ಮುಟ್ಟುವುದೇ ಇಲ್ಲ. ಇನ್ನೊಬ್ಬರು ಹಳೆಯದು, ಹೊಸದು ಎರಡನ್ನೂ ನುಂಗುತ್ತಾರೆ. ಕೂಲಿ ಸಿಕ್ಕ ದಿನ ಐದೇ ಗುಳಿಗೆ ಕೊಡಿ ಅನ್ನುತ್ತಾರೆ. ಪಟ್ಟಿ ಕತ್ತರಿಸಿ ಕೊಟ್ಟರೆ ಹೆಸರು ಒಂದು ತುಂಡಿನಲ್ಲಿ, ಅವಧಿ ಮುಗಿಯುವ ತಾರೀಖು ಇನ್ನೊಂದರಲ್ಲಿ. ಉಪವಾಸದ ದಿನ ಎಲ್ಲ ಗುಳಿಗೆಯೂ ಬಂದ್. ಖಾಲಿ ಹೊಟ್ಟೆಯಲ್ಲಿ ಕೆಲವು ಸಕ್ಕರೆ ಗುಳಿಗೆ ಅಪಾಯವೇ, ನಿಜ. ಆದರೆ ಅಮ್ಲೋಡಿಪಿನ್‌ಗೆ ಊಟದ ಹಂಗಿಲ್ಲ. ಈ ವ್ಯತ್ಯಾಸ ಪಟ್ಟಿಯ ಮೇಲೆ ಕನ್ನಡದಲ್ಲಿ ಎಲ್ಲಿ ಬರೆದಿರುತ್ತದೆ?

ಎಲ್ಲಕ್ಕಿಂತ ನನ್ನನ್ನು ಕಾಡುವುದು ಗುಳೆ. ಹೊಲದ ಕೆಲಸ ಮುಗಿದ ಮೇಲೆ ನಮ್ಮ ಜನ ರೈಲು ಹತ್ತಿ ನಿಮ್ಮ ಈ ಊರಿಗೇ ಬರುತ್ತಾರೆ, ಕಟ್ಟಡದ ಕೆಲಸಕ್ಕೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಕ್ಕ ಗುಳಿಗೆ ಒಂದು ತಿಂಗಳಿಗೆ. ಕೆಲಸ ಮೂರು, ನಾಲ್ಕು ತಿಂಗಳು. ಚೀಟಿ ಊರಲ್ಲಿ, ಮನುಷ್ಯ ಇಲ್ಲಿ. ಗುಳಿಗೆ ಮುಗಿದ ಮೇಲೆ ಏನಾಯಿತೆಂದು ನಮಗೆ ಗೊತ್ತಾಗುವುದು, ಲಕ್ವಾ ಹೊಡೆದು ಮನೆಗೆ ಕರೆತಂದಾಗ. ದುಡಿಯುವ ಬಲಗೈ ಹೋದ ಮನೆಯಲ್ಲಿ ಮಗಳು ಶಾಲೆ ಬಿಡುತ್ತಾಳೆ. ಇದನ್ನು ನಾನು ಒಂದಲ್ಲ, ಹಲವು ಮನೆಗಳಲ್ಲಿ ಕಂಡಿದ್ದೇನೆ.

ನಮ್ಮ ಅಂಗಡಿಗಳಲ್ಲಿ ಉದ್ರಿ ವಹಿ ಇರುತ್ತದಲ್ಲ, ಅದರ ಹಿಂದಿನ ಹಾಳೆಗಳಲ್ಲಿ ನಾನು ಗುಳಿಗೆ ಮುಗಿಯುವ ದಿನ ಬರೆಯುತ್ತೇನೆ. (ಸಾಲ ವಸೂಲಿಗಿಂತ ಈ ಹಾಳೆಗಳೇ ಹೆಚ್ಚು ತಿರುವಲ್ಪಡುತ್ತವೆ, ಮನೆಯಾಕೆಗೆ ಅದೇ ತಕರಾರು.) ಒಬ್ಬರ ಎಲ್ಲ ಗುಳಿಗೆಗಳೂ ಒಂದೇ ದಿನ, ಅದೂ ಸಂತೆಯ ದಿನ ಮುಗಿಯುವಂತೆ ಎಣಿಸಿ ಕೊಡುತ್ತೇನೆ. ಸಂತೆಗೆ ಹೇಗೂ ಬರುತ್ತಾರೆ. ಬಾರದಿದ್ದರೆ ಮರುದಿನ ಫೋನು. ಓದು ಬಾರದವರ ಪೊಟ್ಟಣದ ಮೇಲೆ ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ. ಕಂಪನಿ ಬದಲಾದರೆ ಹಳೇ ಖಾಲಿ ಪಟ್ಟಿಯನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ತೋರಿಸುವುದು. ಇಷ್ಟಕ್ಕೆ ಯಾವ ಯಂತ್ರವೂ ಬೇಡ, ಆದರೆ ಗುಳಿಗೆಗೆ ದುಡ್ಡು ಬೇಕು. ಜನೌಷಧಿ ಕೇಂದ್ರದಲ್ಲಿ ಒಂದು ಕಪ್ ಚಹಾದ ಬೆಲೆಗೆ ಹತ್ತು ಅಮ್ಲೋಡಿಪಿನ್ ಸಿಗುತ್ತವೆ. ಅದೂ ಇಲ್ಲದ ತಿಂಗಳುಗಳಿವೆ.

ಹಾಗಾಗಿ ನನ್ನ ಬೇಡಿಕೆ ಎರಡು. ನಿಧಿಯ ಒಂದು ಪಾಲನ್ನು, ಡಾಕ್ಟರರ ಚೀಟಿ ಇರುವ ಬಡ ರೋಗಿಗಳಿಗೆ ಮೂರು ತಿಂಗಳ ಗುಳಿಗೆ ಒಟ್ಟಿಗೆ ಕೊಡಿಸಲು ತೆಗೆದಿಡಿ, ಮುಖ್ಯವಾಗಿ ಗುಳೆ ಹೊರಡುವವರಿಗೆ. ಇನ್ನೊಂದಕ್ಕೆ ಕಾಸು ಬೇಡ. ನಿಮ್ಮ ಅಪಾರ್ಟ್‌ಮೆಂಟಿನ ಪಕ್ಕ ಕಟ್ಟಡದ ಕೆಲಸ ನಡೆಯುತ್ತಿದ್ದರೆ, ಅಲ್ಲಿ ನಮ್ಮ ಕಡೆಯ ಕನ್ನಡ ಕಿವಿಗೆ ಬಿದ್ದರೆ, "ಯಾವೂರು? ಬಿ.ಪಿ. ಗುಳಗಿ ಎಷ್ಟು ಉಳದಾವ?" ಎಂದು ಕೇಳಿ. ಮುಗಿದಿದ್ದರೆ ಹತ್ತಿರದ ಸರ್ಕಾರಿ ದವಾಖಾನೆಗೆ ಕರೆದೊಯ್ಯಿರಿ. ತೆಲುಗು ಬಾರದೆ ಅವರು ಆ ಬಾಗಿಲಿಗೆ ಹೋಗಲು ಹಿಂಜರಿಯುತ್ತಾರೆ. ನಿಮಗೆ ಎರಡೂ ಭಾಷೆ ಬರುತ್ತದೆ.