ಬದಲಾವಣೆಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

(ಶತಮಾನೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಪರಿಸರದ ಮನೆಗಳಿಂದ ಬಂದು, ಇಲ್ಲಿ ಕನ್ನಡದ ಅಕ್ಷರ ತಿದ್ದಿದ ನಿಮ್ಮಲ್ಲಿ ಅನೇಕರು ಇಂದು ಪುಣೆ, ಬೆಂಗಳೂರುಗಳ ತಂತ್ರಾಂಶ ಕಂಪನಿಗಳಲ್ಲಿ ದುಡಿಯುತ್ತಿದ್ದೀರಿ. ಇನ್ನು ಕೆಲವರು ಇಲ್ಲಿಯೇ ಬ್ಯಾಂಕು, ಸಕ್ಕರೆ ಕಾರ್ಖಾನೆ, ಮಗ್ಗದ ಉದ್ಯಮಗಳ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೀರಿ. ನಿಮ್ಮ ವೃತ್ತಿಗೆ ಸಂಬಂಧಿಸಿದ ಒಂದು ವಿಷಯವನ್ನೇ ಸಂಘಟಕರು ನನಗೆ ವಹಿಸಿದ್ದಾರೆ: ಉದ್ಯಮಗಳ ಮಾಹಿತಿ ತಂತ್ರಜ್ಞಾನದಲ್ಲಿ ಬದಲಾವಣೆ ಪರಿಶೀಲನಾ ಮಂಡಳಿಯ ಪಾತ್ರ. ತಂತ್ರಜ್ಞಾನ ನನ್ನ ಅಧ್ಯಯನದ ವಿಷಯವಲ್ಲದಿದ್ದರೂ ಈ ಮಂಡಳಿಯ ಒಳಗಿರುವ ವಿಚಾರ ಶಾಲೆಯ ಕಚೇರಿಗೆ ಹೊಸದೇನೂ ಅಲ್ಲ.

ನಮ್ಮ ಶಾಲೆಯ ಜನರಲ್ ರಜಿಸ್ಟರನ್ನು ನೆನಪಿಸಿಕೊಳ್ಳಿ. ಮಗುವಿನ ಹೆಸರು, ಜನ್ಮದಿನಾಂಕ, ಜಾತಿ ಒಮ್ಮೆ ಅದರಲ್ಲಿ ದಾಖಲಾದ ಮೇಲೆ, ಮುಖ್ಯಾಧ್ಯಾಪಕರಾದರೂ ತಮ್ಮ ಇಚ್ಛೆಯಂತೆ ತಿದ್ದುವಂತಿಲ್ಲ. ಪಾಲಕರ ಅರ್ಜಿ ಬೇಕು, ಆಧಾರಪತ್ರಗಳು ಬೇಕು, ಶಿಕ್ಷಣ ಇಲಾಖೆಯ ಅನುಮತಿ ಬೇಕು. ತಿದ್ದಿದ ಬಳಿಕ ಆದೇಶದ ಸಂಖ್ಯೆ ಮತ್ತು ದಿನಾಂಕವನ್ನು ಪಕ್ಕದಲ್ಲಿ ಬರೆಯಬೇಕು. ಹಳೆಯ ಬರಹ ಓದಲು ಬರುವಂತೆಯೇ ಉಳಿಯಬೇಕು. ಯಾರು ಕೇಳಿದರು, ಏಕೆ ಕೇಳಿದರು, ಯಾರು ಒಪ್ಪಿದರು, ಮೊದಲು ಏನಿತ್ತು ಎಂಬ ನಾಲ್ಕು ಪ್ರಶ್ನೆಗಳಿಗೆ ಆ ಒಂದೇ ಸಾಲಿನಲ್ಲಿ ಉತ್ತರ ಸಿಗುತ್ತದೆ.

ಇದೇ ಶಿಸ್ತನ್ನು ಗಣಕಯಂತ್ರಗಳ ವ್ಯವಹಾರಕ್ಕೆ ತಂದದ್ದು ಬದಲಾವಣೆ ಪರಿಶೀಲನಾ ಮಂಡಳಿ. 1980ರ ದಶಕದ ಕೊನೆಯಲ್ಲಿ ಬ್ರಿಟನ್ ಸರ್ಕಾರದ ಗಣಕ ಸಂಸ್ಥೆಯೊಂದು ಮಾಹಿತಿ ತಂತ್ರಜ್ಞಾನ ಸೇವೆಗಳ ನಿರ್ವಹಣೆಗಾಗಿ ಐಟಿಐಎಲ್ ಎಂಬ ಗ್ರಂಥಮಾಲೆಯನ್ನು ಸಿದ್ಧಪಡಿಸತೊಡಗಿತು. ಇಂತಹ ಮಂಡಳಿಯ ಕಲ್ಪನೆ ಜಗತ್ತಿನ ಕಂಪನಿಗಳಲ್ಲಿ ಬೇರೂರಿದ್ದು ಮುಖ್ಯವಾಗಿ ಅದರ ಮೂಲಕ. ತಂತ್ರಾಂಶ ಬರೆದವರು, ಸರ್ವರ್ ನೋಡಿಕೊಳ್ಳುವವರು, ಸುರಕ್ಷತೆಯ ಹೊಣೆ ಹೊತ್ತವರು, ವ್ಯವಹಾರ ನಡೆಸುವವರು ಒಂದೆಡೆ ಕುಳಿತು, ಬದಲಾವಣೆ ಜಾರಿಗೆ ಬರುವ ಮೊದಲೇ ಅದರ ಲಾಭ, ಅಪಾಯ, ಸಮಯಗಳನ್ನು ತೂಗಿ ನೋಡುವುದು ಮಂಡಳಿಯ ಕೆಲಸ. ನಮ್ಮ ರಿಸರ್ವ್ ಬ್ಯಾಂಕು ಸಹ 2023ರ ನವೆಂಬರಿನಲ್ಲಿ ಹೊರಡಿಸಿದ, 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಆಡಳಿತದ ನಿರ್ದೇಶನಗಳಲ್ಲಿ ಬದಲಾವಣೆಗಳ ನಿರ್ವಹಣೆಗೆ ಸ್ಥಾನ ಕೊಟ್ಟಿದೆ.

ಇದರ ಅಗತ್ಯವೇನೆಂಬುದನ್ನು ಎರಡು ಘಟನೆಗಳು ತಿಳಿಸುತ್ತವೆ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಸಂಸ್ಥೆ ಹೊಸ ತಂತ್ರಾಂಶದೊಂದಿಗೆ ದಿನದ ವ್ಯವಹಾರ ಆರಂಭಿಸಿತು. ಅದನ್ನು 8 ಸರ್ವರ್‌ಗಳಿಗೆ ಹಾಕಬೇಕಿತ್ತು. 7ಕ್ಕೆ ಹಾಕಿ ಒಂದನ್ನು ಮರೆತಿದ್ದರು. ಆ ಒಂದರಲ್ಲಿ ಬಳಕೆ ತಪ್ಪಿದ ಹಳೆಯ ತಂತ್ರಾಂಶ ಎಚ್ಚೆತ್ತು ಬೇಡದ ಖರೀದಿ ಮಾರಾಟ ನಡೆಸಿತು. 45 ನಿಮಿಷಗಳಲ್ಲಿ ಆದ ನಷ್ಟ 44 ಕೋಟಿ ಡಾಲರಿಗೂ ಅಧಿಕ. ಒಬ್ಬರು ಮಾಡಿದ ಆ ಕೆಲಸವನ್ನು ಎರಡನೆಯವರು ಪರೀಕ್ಷಿಸಿರಲಿಲ್ಲ, ಪರೀಕ್ಷಿಸಬೇಕೆಂಬ ಲಿಖಿತ ನಿಯಮವೂ ಇರಲಿಲ್ಲ ಎಂದು ಅಲ್ಲಿನ ನಿಯಂತ್ರಣ ಆಯೋಗ ದಾಖಲಿಸಿದೆ. ವರ್ಷ ತುಂಬುವಷ್ಟರಲ್ಲಿ ಆ ಸಂಸ್ಥೆ ಇನ್ನೊಂದರೊಡನೆ ವಿಲೀನವಾಯಿತು.

ಎರಡನೆಯದು ನಿಮ್ಮ ನೆನಪಿನಲ್ಲಿ ಇನ್ನೂ ಹಸಿರಾಗಿರಬಹುದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷತಾ ಕಂಪನಿ ಭಾರತೀಯ ಕಾಲಮಾನ ಬೆಳಿಗ್ಗೆ 9.39ಕ್ಕೆ ಒಂದು ಸಣ್ಣ ಕಡತವನ್ನು ಜಗತ್ತಿನಾದ್ಯಂತ ಒಮ್ಮೆಲೇ ರವಾನಿಸಿತು. ತಂತ್ರಾಂಶದ ಒಂದು ಭಾಗ 21 ಅಂಶಗಳನ್ನು ನಿರೀಕ್ಷಿಸುತ್ತಿತ್ತು. ಇನ್ನೊಂದು ಭಾಗ ಒದಗಿಸುತ್ತಿದ್ದುದು 20 ಮಾತ್ರ. ಈ ಒಂದರ ವ್ಯತ್ಯಾಸದಿಂದ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ಕುಸಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಸಿಬ್ಬಂದಿ ಕೈಬರಹದ ಬೋರ್ಡಿಂಗ್ ಪಾಸ್ ಬರೆದುಕೊಟ್ಟರು. ಕಂಪನಿ 78 ನಿಮಿಷಗಳಲ್ಲಿ ಕಡತವನ್ನು ಹಿಂತೆಗೆದುಕೊಂಡರೂ, ಕೆಟ್ಟು ನಿಂತ ಬಹುಪಾಲು ಯಂತ್ರಗಳನ್ನು ಒಂದೊಂದಾಗಿ ಕೈಯಾರೆ ಸರಿಪಡಿಸಬೇಕಾಯಿತು. ಇನ್ನು ಮುಂದೆ ಇಂತಹ ಕಡತಗಳನ್ನು ಹಂತಹಂತವಾಗಿ ಬಿಡುತ್ತೇವೆಂದು ಕಂಪನಿ ಆಮೇಲೆ ಪ್ರಕಟಿಸಿತು.

ಹಂತಹಂತವಾಗಿ ಎಂಬುದರ ಅರ್ಥವನ್ನು ಇಚಲಕರಂಜಿಯವರಿಗೆ ವಿವರಿಸಬೇಕಾಗಿಲ್ಲ. 1904ರಲ್ಲಿ ವಿಠ್ಠಲರಾವ್ ದಾತಾರ್ ಅವರು ಅಲ್ಲಿ ಮೊದಲ ವಿದ್ಯುತ್ ಮಗ್ಗ ಹೂಡಿದರು. ಇಡೀ ಊರು ಮಗ್ಗದ ಊರಾದದ್ದು ಆ ಒಂದರ ನಂತರ. ಹೊಸ ಜಾತಿಯ ನೂಲು ಬಂದರೆ ಜಾಣ ಮಾಲೀಕ ಅದನ್ನು ಒಂದೇ ದಿನ ಎಲ್ಲ ಮಗ್ಗಗಳಿಗೆ ಏರಿಸುವುದಿಲ್ಲ. ಒಂದರಲ್ಲಿ ನೇಯ್ದು, ಎಳೆ ಎಷ್ಟು ಸಲ ಹರಿಯುತ್ತದೆಂದು ನೋಡಿ, ಉಳಿದವುಗಳ ಮಾತನಾಡುತ್ತಾನೆ.

ಆದರೆ ಮಂಡಳಿಯೊಂದನ್ನು ರಚಿಸಿದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. 2018ರಲ್ಲಿ ಪ್ರಕಟವಾದ ‘ಆಕ್ಸಿಲರೇಟ್’ ಎಂಬ ಗ್ರಂಥದಲ್ಲಿ ನಿಕೋಲ್ ಫೋರ್ಸ್‌ಗ್ರೆನ್ ಮತ್ತು ಸಂಗಡಿಗರು ಕಟುವಾದ ಸಂಗತಿಯೊಂದನ್ನು ಮುಂದಿಟ್ಟಿದ್ದಾರೆ. ಕೆಲಸದಿಂದ ದೂರವಿರುವ ಹೊರಗಿನ ಮಂಡಳಿಗಳ ಅನುಮತಿಯಿಂದ ಕೆಲಸ ನಿಧಾನವಾಯಿತೇ ಹೊರತು, ವಿಫಲವಾಗುವ ಬದಲಾವಣೆಗಳ ಪ್ರಮಾಣದಲ್ಲಿ ಸುಧಾರಣೆ ಕಾಣಲಿಲ್ಲ. ಇದರಲ್ಲಿ ನನಗೆ ಆಶ್ಚರ್ಯವೆನಿಸಲಿಲ್ಲ. ನೂರು ಉತ್ತರಪತ್ರಿಕೆಗಳ ಮೇಲೆ ಓದದೆ ರುಜು ಹಾಕುವ ಪರೀಕ್ಷಕನಿಂದ ಯಾವ ಮಗುವಿನ ಬುದ್ಧಿಯೂ ಬೆಳೆಯದು. ಜೊತೆಗೆ ಕೆಲಸ ಮಾಡುವ ಸಹೋದ್ಯೋಗಿಯೇ ಸಾಲುಸಾಲಾಗಿ ಓದಿ ನೋಡುವ ಪದ್ಧತಿಯನ್ನು ಅವರು ಎತ್ತಿ ಹಿಡಿದಿದ್ದಾರೆ.

ಆದ್ದರಿಂದ ವಿವೇಕವುಳ್ಳ ಸಂಸ್ಥೆಗಳು ಬದಲಾವಣೆಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತವೆ. ಮತ್ತೆ ಮತ್ತೆ ಮಾಡಿ ಪಳಗಿದ, ಅಪಾಯ ಕಡಿಮೆಯಿರುವ ಕೆಲಸಕ್ಕೆ ಮುಂಗಡ ಒಪ್ಪಿಗೆ ಇರುತ್ತದೆ. ದೊಡ್ಡದಕ್ಕೆ ಪೂರ್ಣ ಪರಿಶೀಲನೆ. ಬೆಂಕಿ ಹತ್ತಿದಾಗ ಇಬ್ಬರು ಮೂವರು ಹೊಣೆಗಾರರು ತಕ್ಷಣ ತೀರ್ಮಾನಿಸುವ ತುರ್ತು ದಾರಿ. ಇದರೊಡನೆ ಕಾಲದ ವಿವೇಕವೂ ಬೇಕು. ಹತ್ತನೆಯ ತರಗತಿಯ ಪರೀಕ್ಷೆಯ ಮುನ್ನಾದಿನ ನಾವು ಆಸನಗಳ ವ್ಯವಸ್ಥೆಯನ್ನು ಬದಲಿಸುವುದಿಲ್ಲ. ಮಾರ್ಚ್ 31ರಂದು ಬ್ಯಾಂಕಿನ ಲೆಕ್ಕದ ತಂತ್ರಾಂಶವನ್ನೂ ಮುಟ್ಟಬಾರದು.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ‘ಕೆಟ್ಟರೆ ಹಿಂದಕ್ಕೆ ಬರುವ ದಾರಿ ಯಾವುದು?’ ಎಂಬುದು. ಕೆಲವೆಡೆ ಹಿಂದಕ್ಕೆ ಬರಲು ದಾರಿಯೇ ಇರುವುದಿಲ್ಲ. ಅದಕ್ಕೆ ನಮ್ಮ ಭಾಷೆಯದೇ ಉದಾಹರಣೆಯಿದೆ. ಹಳಗನ್ನಡದಲ್ಲಿದ್ದು ಮುಂದೆ ಬಳಕೆಯಿಂದ ಜಾರಿದ ೞ ಅಕ್ಷರವನ್ನು ನೀವು ವ್ಯಾಕರಣದ ತರಗತಿಯಲ್ಲಿ ಕೇಳಿದ್ದೀರಿ. ಜಗತ್ತಿನ ಲಿಪಿಗಳಿಗೆಲ್ಲ ಗಣಕದಲ್ಲಿ ಸಂಕೇತ ನೀಡುವ ಯುನಿಕೋಡ್‌ನಲ್ಲಿ ಇದಕ್ಕೆ ತಪ್ಪಾಗಿ ‘ಕನ್ನಡ ಅಕ್ಷರ ಫ’ ಎಂಬ ಅರ್ಥದ ಹೆಸರು ಬಿದ್ದಿತು. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಬಾರದೆಂಬುದು ಅಲ್ಲಿನ ನಿಯಮ, ಏಕೆಂದರೆ ಅಸಂಖ್ಯ ತಂತ್ರಾಂಶಗಳು ಆ ಹೆಸರನ್ನು ನೆಚ್ಚಿರುತ್ತವೆ. ಹಾಗಾಗಿ ತಪ್ಪು ಹೆಸರು ಹಾಗೆಯೇ ಉಳಿದಿದೆ. ಸರಿಯಾದುದನ್ನು ತಿದ್ದುಪಡಿಯ ಉಪನಾಮವಾಗಿ ಪಕ್ಕದಲ್ಲಿ ಸೇರಿಸಲಾಗಿದೆ. ನಮ್ಮ ರಜಿಸ್ಟರಿನ ತಿದ್ದುಪಡಿಯ ಸಾಲಿನಂತೆಯೇ ಇದು.

ಈ ಅಕ್ಷರದ ಕಥೆಯಿಂದ ನನ್ನ ಕೊನೆಯ ಮಾತಿಗೆ ಬರುತ್ತೇನೆ. ಪರಿಶೀಲನೆಯ ಮೇಜಿನ ಸುತ್ತ ಯಾರು ಕುಳಿತಿರುತ್ತಾರೆ ಎಂಬುದರ ಮೇಲೆ ಮಂಡಳಿಯ ಯೋಗ್ಯತೆ ನಿಲ್ಲುತ್ತದೆ. ಕನ್ನಡದ ಹ್ರಸ್ವ ಎಕಾರ, ಒಕಾರಗಳಿಗೆ ಮರಾಠಿಯ ಬರವಣಿಗೆಯಲ್ಲಿ ಪ್ರತ್ಯೇಕ ಗುರುತಿಲ್ಲ. ನಮ್ಮ ಕೆಂಚಪ್ಪ ಅಲ್ಲಿ ಕೇಂಚಪ್ಪನಾಗುತ್ತಾನೆ, ಕೊಟ್ರವ್ವ ಕೋಟ್ರವ್ವಳಾಗುತ್ತಾಳೆ. ಇಂಗ್ಲಿಷಿಗೆ ಹೋದರೆ ಮೂರನೆಯ ರೂಪ. ಶಾಲೆಯ ದಾಖಲೆಯ ಹೆಸರು, ಆಧಾರ್ ಕಾರ್ಡಿನ ಹೆಸರು, ಬ್ಯಾಂಕ್ ಖಾತೆಯ ಹೆಸರು ಅಕ್ಷರಕ್ಕೆ ಅಕ್ಷರ ಹೊಂದಲೇಬೇಕೆಂದು ಯಾವುದೋ ಊರಿನಲ್ಲಿ ಕುಳಿತವರು ತಂತ್ರಾಂಶಕ್ಕೆ ಒಂದು ಸಾಲು ಸೇರಿಸಿದರೆ, ಅವರ ಕಾಗದದಲ್ಲಿ ಅದು ಅಲ್ಪ ಬದಲಾವಣೆ. ಗಡಿಯ ಮಗುವಿಗೆ ಅದು ವಿದ್ಯಾರ್ಥಿವೇತನದ ಪ್ರಶ್ನೆ; ಅದರ ತಾಯಿಗೆ ಕೂಲಿ ಬಿಟ್ಟು ಕಚೇರಿ ಅಲೆಯುವ ದಿನಗಳ ಪ್ರಶ್ನೆ.

ಪ್ರಿಯ ವಿದ್ಯಾರ್ಥಿಗಳೇ, ಅಂತಹ ಮೇಜುಗಳ ಬಳಿ ಇಂದು ನೀವು ಕುಳಿತಿದ್ದೀರಿ. ‘ಈ ಬದಲಾವಣೆಯ ಭಾರ ಯಾರ ಮೇಲೆ ಬೀಳುತ್ತದೆ? ಅವರನ್ನು ಕೇಳಿದ್ದೇವೆಯೇ?’ ಎಂದು ಅಲ್ಲಿ ಧೈರ್ಯವಾಗಿ ಪ್ರಶ್ನಿಸಿರಿ. ಕೆಂಚಪ್ಪ ಮತ್ತು ಕೇಂಚಪ್ಪ ಒಬ್ಬನೇ ಎಂದು ಬಲ್ಲವರು ಆ ಕೋಣೆಯಲ್ಲಿ ಬಹುಶಃ ನೀವೊಬ್ಬರೇ ಇರುತ್ತೀರಿ.